‘ಬ್ಯಾಡ್‌ಲ್ಯಾಂಡ್’ ಪದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿರುವ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಹೆಸರಿನಲ್ಲೇ ಸಿಕ್ಕಿಕೊಂಡಿದ್ದೇನೆ. ಆ ಜಾಗದ ಹೆಸರನ್ನು ಹಾಗೇ ಇಡಬಹುದು, ಸರಿ. ಆದರೆ ಭೂವಿಜ್ಞಾನದಲ್ಲಿ ಅದು ಸಾಮಾನ್ಯ ಪದವೂ ಹೌದು. ಮೆತ್ತನೆ ಕಲ್ಲು, ಜೇಡಿಮಣ್ಣನ್ನು ಮಳೆನೀರು ಕೊರೆದು ಚೂಪು ದಿಬ್ಬ, ಆಳದ ಸಂದು ಮಾಡಿಟ್ಟ ನೆಲಕ್ಕೆಲ್ಲ ಹಾಗೇ ಅನ್ನುತ್ತಾರೆ. ನಮ್ಮ ಚಂಬಲ್ ನದಿಯ ಕೊಳ್ಳಗಳೂ ಇದೇ ಜಾತಿ.

‘ಕೆಟ್ಟ ನೆಲ’ ಅಂತ ಬರೆದು ನೋಡಿದೆ. ಒಪ್ಪಲಿಲ್ಲ. ಹಾಲು ಕೆಟ್ಟಿತು, ಹುಡುಗ ಕೆಟ್ಟ ಅನ್ನುತ್ತೇವಲ್ಲ, ಮೊದಲು ಚೆನ್ನಾಗಿದ್ದದ್ದು ಆಮೇಲೆ ಹಾಳಾಯಿತು ಅನ್ನುವ ಭಾವ ಆ ಪದದೊಳಗೇ ಇದೆ. ಈ ನೆಲ ಹಾಳಾದದ್ದಲ್ಲ.

ಮೂಲ ಹುಡುಕಿದರೆ ವಿಷಯ ಇನ್ನೂ ಚೆನ್ನಾಗಿದೆ. ಅಲ್ಲಿನ ಮೂಲನಿವಾಸಿಗಳಾದ ಲಕೋಟ ಜನ ಇದನ್ನು ‘ಮಾಕೊ ಶೀಚಾ’ ಅಂದರು. ಮಾಕೊ ಅಂದರೆ ನೆಲ, ಶೀಚಾ ಅಂದರೆ ಕೆಟ್ಟದ್ದು. ಆಮೇಲೆ ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚರು ‘ದಾಟಲು ಕೆಟ್ಟ ನೆಲ’ ಅಂದರು. ಆ ‘ದಾಟಲು’ ಅನ್ನುವುದೇ ಮುಖ್ಯ, ಅಲ್ವಾ? ಇಂಗ್ಲಿಷಿಗೆ ಬರುವಾಗ ಅದು ಬಿದ್ದುಹೋಯಿತು. ಫ್ರೆಂಚರ ದೂರು ಇದ್ದದ್ದು ದಾರಿಯ ಮೇಲೆ, ನೆಲದ ಮೇಲಲ್ಲ. ಉದ್ಯಾನದ ದಕ್ಷಿಣ ಭಾಗ ಇವತ್ತಿಗೂ ಒಗ್ಲಾಲ ಲಕೋಟರ ಪೈನ್ ರಿಡ್ಜ್ ಮೀಸಲು ಪ್ರದೇಶದೊಳಗೇ ಇದೆ. ಅವರ ನೆಲವನ್ನು ಸುಮ್ನೆ ‘ಕೆಟ್ಟದ್ದು’ ಅಂದುಬಿಡಲು ನನಗೆ ಮನಸ್ಸಿಲ್ಲ.

ಅಲ್ಲಿಗೆ ಹೋಗಿದ್ದ ನನ್ನ ತಂಗಿ ಒಂದು ಫೋಟೊ ಕಳಿಸಿದ್ದಳು. ಒಣಗಿದ ಜೇಡಿಯ ಮೇಲ್ಮೈ ಜೋಳದ ಅರಳಿನ ಹಾಗೆ ಉಬ್ಬಿ ಬಿರಿದಿತ್ತು. ಮಾರನೇ ದಿನ ಮಳೆ ಬಂತಂತೆ. ಹೆಜ್ಜೆಗೊಂದು ಪದರ ಮಣ್ಣು ಶೂಗೆ ಮೆತ್ತಿಕೊಂಡು, ಕಡ್ಡಿಯಲ್ಲಿ ಕೆರೆದು ಕೆರೆದು ನಡೆದಳಂತೆ. ಎರೆ ಹೊಲದಲ್ಲಿ ಮಳೆಗಾಲಕ್ಕೆ ನಡೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಅದೇ ಬಗೆಯ ಜೇಡಿ. ಇಂಥ ಮಣ್ಣಾದ್ದರಿಂದಲೇ ಆ ದಿಬ್ಬಗಳು ವರ್ಷಕ್ಕೆ ಸುಮಾರು 1 ಇಂಚು ಸವೆಯುತ್ತವೆ. ಗಟ್ಟಿ ಕಲ್ಲು ಸವೆಯುವ ವೇಗಕ್ಕೆ ಹೋಲಿಸಿದರೆ ಇದು ತುಂಬಾ ಜಾಸ್ತಿ.

‘ಬಂಜರು’, ‘ಬರಡು’ ಕೂಡ ಬೇಡ ಅನ್ನಿಸುತ್ತದೆ. ದಿಬ್ಬಗಳ ಬುಡದಿಂದಲೇ ಹುಲ್ಲು ಶುರು. 1963ರಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳನ್ನು ಮತ್ತೆ ತಂದುಬಿಟ್ಟರು, ಅವು ಮೇಯುತ್ತಿವೆ. ‘ದುರ್ಗಮ’ ಅರ್ಥಕ್ಕೆ ಸರಿಯಾಗಿ ಕೂರುತ್ತದೆ, ಹೋಗಲು ಕಷ್ಟ ಅಂತಲೇ ಅದರ ಮಾತು. ಆದರೆ ದಟ್ಟ ಕಾಡೂ ದುರ್ಗಮವೇ, ಹಿಮದ ಬೆಟ್ಟವೂ ದುರ್ಗಮವೇ. ನೆಲದ ಆಕಾರ ಕಣ್ಣಿಗೆ ಬರುವುದಿಲ್ಲ.

ನನ್ನ ಒಲವು ‘ಕೊರಕಲು ನೆಲ’ದ ಕಡೆಗೆ. ಮಳೆಗೆ ರಸ್ತೆ ಕೊರಕಲು ಬಿತ್ತು ಅಂತ ಮಕ್ಕಳೂ ಕೇಳಿರುತ್ತಾರೆ. ನೀರು ಕೊರೆದದ್ದು ಅನ್ನುವ ಕಾರಣವೂ ಪದದಲ್ಲೇ ಇದೆ. ಒಂದೇ ಅನುಮಾನ: ಕೊರಕಲು ಅಂದರೆ ತಗ್ಗು ಮಾತ್ರ ಕಾಣುತ್ತದೆ, ನಡುವೆ ಉಳಿದು ನಿಂತ ಗೋಪುರದಂಥ ಮಣ್ಣು ಕಾಣುವುದಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ಅಲ್ಲಿನ ‘ಪ್ರೈರೀ ಡಾಗ್’ ನಾಯಿಯಲ್ಲ, ಬಿಲ ತೋಡುವ ಅಳಿಲಿನ ಬಂಧು. ‘ನೆಲ ಅಳಿಲು’ ಅಂದರೆ ಸಾಕೇ?

ನಿಮ್ಮ ಕಡೆ ಹಳ್ಳದ ದಂಡೆಯಲ್ಲಿ, ಸುತ್ತಲ ಮಣ್ಣು ಕೊಚ್ಚಿಹೋಗಿ ಒಂಟಿಯಾಗಿ ನಿಂತ ಮಣ್ಣಿನ ಕಂಬಕ್ಕೆ ಏನಾದರೂ ಹೆಸರಿದೆಯೇ? ಇದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ.