ಮೊದಲ ಸಿನಿಮಾಕ್ಕೆ ಕಾಫಿ ತೋಟ ಅಡ ಇಡಬಹುದಾ?

ಹಾನುಬಾಳು_ಹುಡುಗ:
ಬೆಂಗಳೂರಲ್ಲಿ ಐದು ವರ್ಷ ಅಸಿಸ್ಟೆಂಟ್ ಡೈರೆಕ್ಟರ್ ಆಗಿದ್ದು ಈಗ ಊರಿಗೆ ಬಂದಿದ್ದೀನಿ. ತೋಟದ ಲೆಕ್ಕ ಬರೆಯೋ ರೈಟರ್ ಒಬ್ಬರ ಬಗ್ಗೆ ಕತೆ, ಸ್ಕ್ರಿಪ್ಟ್ ರೆಡಿ. ಮೂರು ಎಕರೆ ತೋಟ ಅಡ ಇಟ್ಟರೆ 15 ಲಕ್ಷ ಸಿಗುತ್ತೆ, ಸಿನಿಮಾಕ್ಕೆ ಸರ್ಕಾರದ ಸಬ್ಸಿಡಿ ಬಂದಾಗ ತೀರಿಸೋದು ಅಂತ ಲೆಕ್ಕ. ಡಿಸೆಂಬರಲ್ಲಿ ಶೂಟಿಂಗ್, ಊರವರೇ ಪಾತ್ರಧಾರಿಗಳು. ಅಪ್ಪ ಒಪ್ಪಿದ್ದಾರೆ. ಅಮ್ಮ ಮಾತಾಡ್ತಿಲ್ಲ. ಅನುಭವ ಇರೋರು ಹೇಳಿ.

ಬೇಲೂರು_ಟಾಕೀಸ್:
ಊರವರನ್ನ ಹಾಕಿಕೊಳ್ಳೋಕೆ ಹೆದರಬೇಡಿ. ‘ತಿಥಿ’ ಸಿನಿಮಾ ಮಂಡ್ಯದ ನೊದೆಕೊಪ್ಪಲಿನ ಜನರನ್ನೇ ಇಟ್ಟುಕೊಂಡು ತೆಗೆದದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ದುಡ್ಡಿಗೆ ‘ಲೂಸಿಯಾ’ ಸಿನಿಮಾದ ದಾರಿ ನೋಡಿ, ಪ್ರೇಕ್ಷಕರೇ ಹಣ ಹಾಕಿದ್ದರು.

ಮೂಡಿಗೆರೆ_ಮಳೆ:
ತೋಟ ಮುಟ್ಟಬೇಡಿ, ಕೈ ಮುಗಿದು ಕೇಳ್ತೀನಿ. ಸಬ್ಸಿಡಿ ಅನ್ನೋದು ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲಿನ ಮಾತು. ಸಮಿತಿ ನೋಡಿ ಆರಿಸಿದರೆ ಮಾತ್ರ. ಬ್ಯಾಂಕಿನ ಕಂತು ಅಲ್ಲೀತನಕ ಕಾಯಲ್ಲ.

2017ರಲ್ಲಿ ನಾನೂ ಡಿಸೆಂಬರಲ್ಲೇ ಶುರು ಮಾಡಿದ್ದೆ. ಅರೇಬಿಕಾ ಹಣ್ಣು ಕುಯ್ಯೋ ಕಾಲ. ಮುಖ್ಯ ಪಾತ್ರ ಮಾಡಬೇಕಿದ್ದ ಹೆಂಗಸು ಮೂರನೇ ದಿನ ಬರಲಿಲ್ಲ. ಮನೆಗೆ ಹೋದರೆ, ‘ಅಕ್ಕಾ, ಕುಯ್ಲಲ್ಲಿ ಕೆಜಿ ಲೆಕ್ಕದಲ್ಲಿ ದುಡ್ಡು, ಇದು ಬಿಟ್ಟರೆ ವರ್ಷಕ್ಕೆ ಇಷ್ಟು ಸಿಗಲ್ಲ’ ಅಂದಳು. ನಾನು ಕೊಡ್ತಿದ್ದದ್ದು ಅದರ ಅರ್ಧ. ಇವತ್ತಿಗೂ ಅದು ನನಗೆ ನಾಚಿಕೆ.

ಉಳಿದದ್ದನ್ನ ಮಾರ್ಚಲ್ಲಿ ತೆಗೆದ್ವಿ. ಜನ ಸಿಕ್ಕರು, ಆದರೆ ಹೂವಿಗೆ ನೀರು ಹಾಯಿಸೋ ಡೀಸೆಲ್ ಪಂಪು ಪಕ್ಕದ ತೋಟದಲ್ಲಿ ಹಗಲೆಲ್ಲ ಓಡ್ತಿತ್ತು. ಸಂಜೆ ಪಂಪು ನಿಂತರೆ ಜೀರುಂಡೆ. ಸಿಂಕ್ ಸೌಂಡ್, ಅಂದರೆ ಶೂಟಿಂಗಲ್ಲೇ ರೆಕಾರ್ಡ್ ಮಾಡಿದ ಮಾತು, ಅರ್ಧಕ್ಕರ್ಧ ಹಾಳು. ಸಿಲ್ವರ್ ಓಕ್ ನೆರಳಲ್ಲಿ ನಾಲ್ಕೂವರೆಗೇ ಬೆಳಕೂ ಹೋಗುತ್ತೆ. ಮಾತಿನ ದೃಶ್ಯ ಬೆಳಗ್ಗೆ ಒಂಬತ್ತರ ಒಳಗೆ ಮುಗಿಸಿ, ಪಂಪಿನವರ ಹತ್ತಿರ ಮೊದಲೇ ಮಾತಾಡಿ.

14 ಲಕ್ಷದಲ್ಲಿ 12 ಶೂಟಿಂಗಿಗೇ ಹೋಯ್ತು. ಎಡಿಟಿಂಗ್, ಡಬ್ಬಿಂಗ್, ಕಲರ್, ಸಬ್‌ಟೈಟಲ್, ಥಿಯೇಟರಿಗೆ ಕೊಡೋ ಡಿಜಿಟಲ್ ಪ್ರತಿ (ಡಿಸಿಪಿ) ಯಾವುದಕ್ಕೂ ದುಡ್ಡಿಲ್ಲದೆ ಹಾರ್ಡ್ ಡಿಸ್ಕ್ ಒಂದೂವರೆ ವರ್ಷ ಬೀರುವಿನಲ್ಲಿ ಸೀರೆಗಳ ಮಧ್ಯೆ ಇತ್ತು. ಅರ್ಧ ದುಡ್ಡು ಇದಕ್ಕೇ ಅಂತ ಈಗಲೇ ಎತ್ತಿಡಿ. ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಆ ಸಿನಿಮಾ ಮುಗಿಸಿದೆ. ಎರಡನೇದನ್ನೂ ಹಾಗೇ ಬರೀತಿದ್ದೀನಿ. ನಿಮಗೆ ತೋಟ ಇದೆ. ಎರಡನೇ ಸಿನಿಮಾದ ತನಕ ಊಟ ಹಾಕೋದು ಅದೇ.

ಹಾನುಬಾಳು_ಹುಡುಗ:
ಮೇಡಂ, ನನ್ನ ಕತೆಯ ರೈಟರ್ ಕುಯ್ಲು ತೂಕ ಮಾಡೋ ದೃಶ್ಯ ಇದೆ. ಅದಕ್ಕೇ ಡಿಸೆಂಬರ್ ಅಂದುಕೊಂಡಿದ್ದೆ.

ಮೂಡಿಗೆರೆ_ಮಳೆ:
ಹಾಗಾದರೆ ಆ ತೂಕದ ದೃಶ್ಯ ಮಾತ್ರ ಕುಯ್ಲಲ್ಲಿ ತೆಗೀರಿ. ನಿಜವಾದ ತೂಕ ನಡೆಯುವಾಗ, ಅವರ ಕೆಲಸ ನಿಲ್ಲಿಸದೆ, ಒಂದು ಕ್ಯಾಮೆರಾ, ಇಬ್ಬರೇ ಜನ. ಬಾಕಿಯದು ಕುಯ್ಲು ಮುಗಿದ ಮೇಲೆ. ನನ್ನ ಹತ್ತಿರ ಸೌಂಡ್ ರೆಕಾರ್ಡರ್, ಅಂಗಿಗೆ ಸಿಕ್ಕಿಸೋ ಎರಡು ಲೇಪಲ್ ಮೈಕ್ ಇವೆ. ಬಾಡಿಗೆ ಬೇಡ, ಬಂದು ತಗೊಂಡು ಹೋಗಿ. ಬರುವಾಗ ಅಮ್ಮನನ್ನೂ ಕರ್ಕೊಂಡು ಬನ್ನಿ.