ಹಳೆಯ ಮನೆಯ ವೈರಿಂಗ್ ಪರೀಕ್ಷೆ: ಏನೇನು ಅಳತೆ ಮಾಡಿಸಬೇಕು? ಅನುಭವವಿರುವವರು ತಿಳಿಸಿ

ಪ್ರಶ್ನೆ (ಹಾಸನದಿಂದ)

ನಮ್ಮ ತಂದೆಯವರು 1986ರಲ್ಲಿ ಕಟ್ಟಿಸಿದ ಮನೆಯಲ್ಲಿ ವಾಸವಾಗಿದ್ದೇವೆ. ಅರ್ಧ ಮನೆಗೆ ಇನ್ನೂ ಮರದ ಪಟ್ಟಿಯ ವೈರಿಂಗ್ ಇದೆ, ಮೀಟರ್ ಪಕ್ಕದಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿವೆ. ಎರಡು ತಿಂಗಳಿಂದ ಗೀಸರ್ ಹಾಕಿದಾಗ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಬಂದು ನೋಡಿದ ಎಲೆಕ್ಟ್ರಿಷಿಯನ್, ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ನೀರು ಹಾಕಿದರೆ ಸರಿಹೋಗುತ್ತದೆ ಎಂದರು. ನಿಯಮಗಳು ಈಚೆಗೆ ಬದಲಾಗಿವೆ ಎಂದೂ ಕೇಳಿದ್ದೇನೆ. ಪರೀಕ್ಷೆ ಮಾಡಿಸುವುದಾದರೆ ಏನನ್ನು ಕೇಳಿ ಮಾಡಿಸಬೇಕು?

ಉತ್ತರ (ಹಾಸನ, ವೈರಿಂಗ್ ಸೂಪರ್‌ವೈಸರ್ ಆಗಿ 22 ವರ್ಷಗಳ ಅನುಭವ)

ಮೊದಲು ಆ ಗೀಸರಿನ ಪ್ಲಗ್ ತೆಗೆದಿಡಿ. ಪರೀಕ್ಷೆ ಮುಗಿಯುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಕೈ ಒದ್ದೆಯಾಗಿ, ಬರಿಗಾಲಲ್ಲಿ ನಿಂತಾಗ ಇವತ್ತಿನ ಜುಮ್ಮೆನ್ನುವಿಕೆ ನಾಳೆ ಪ್ರಾಣಕ್ಕೇ ಬರಬಹುದು.

ನಿಯಮಗಳ ವಿಚಾರ ಹೀಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸ ನಿಯಮಗಳು ಬಂದಿವೆ. ಭಾರತೀಯ ಮಾನಕ ಬ್ಯೂರೋ ಅದೇ ವರ್ಷ ರಾಷ್ಟ್ರೀಯ ವಿದ್ಯುತ್ ಸಂಹಿತೆಯನ್ನೂ ಪರಿಷ್ಕರಿಸಿದೆ. ವೈರಿಂಗ್‌ಗೆ ಐಎಸ್ 732 (2019ರ ಆವೃತ್ತಿ), ಅರ್ಥಿಂಗ್‌ಗೆ ಐಎಸ್ 3043 (2018ರ ಆವೃತ್ತಿ) ನಮಗೆ ಆಧಾರ. ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ ವಿದ್ಯುತ್ ಕೊಟ್ಟರೂ ನಿಯಮ ಎಲ್ಲರಿಗೂ ಒಂದೇ.

ಇನ್ನು ಉಪ್ಪು, ಇದ್ದಿಲಿನ ಮಾತು. ಗುಂಡಿಯೊಂದಿದ್ದರೆ ಸಾಕು, ಶಾಕ್ ಹೊಡೆಯುವುದಿಲ್ಲ ಎಂದು ನಂಬಿದವರನ್ನು ನಾನು ಪ್ರತಿ ವಾರವೂ ಕಾಣುತ್ತೇನೆ, ಆದ್ದರಿಂದ ಇದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಒಂದು ಮನೆಯ ಗುಂಡಿಯ ರೋಧವನ್ನು, ಅಂದರೆ ಕರೆಂಟು ನೆಲಕ್ಕೆ ಹರಿಯಲು ಇರುವ ಅಡ್ಡಿಯನ್ನು, ಅಳೆದಾಗ 38 ಓಮ್ ಬಂತು. ಅಲ್ಲಿ ಗೀಸರಿನೊಳಗೆ ಫೇಸ್ ತಂತಿ ತಗಡಿಗೆ ತಾಗಿತ್ತು. 230 ವೋಲ್ಟನ್ನು 38ರಿಂದ ಭಾಗಿಸಿದರೆ ಹರಿಯುವುದು ಸುಮಾರು 6 ಆಂಪಿಯರ್. ಅದಕ್ಕೆ ಹಾಕಿದ್ದ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 16 ಆಂಪಿಯರಿನದು. ಎಂಸಿಬಿಯ ದೃಷ್ಟಿಯಲ್ಲಿ ಅದು ಮಾಮೂಲಿ ಲೋಡು, ಆದ್ದರಿಂದ ಅದು ಬೀಳಲೇ ಇಲ್ಲ. ಗೀಸರಿನ ಮೈಮೇಲೆ ಮಾತ್ರ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿತ್ತು, ಗೀಸರಿನ ಸ್ವಿಚ್ ಹಾಕಿದಾಗಲೆಲ್ಲ ಅಷ್ಟೂ ಕರೆಂಟು ನೆಲಕ್ಕೆ ಹರಿಯುತ್ತಿತ್ತು. ಮನೆಯವರು ನನ್ನನ್ನು ಕರೆಸಿದ್ದು ಶಾಕ್‌ಗಾಗಿ ಅಲ್ಲ, ಬಿಲ್ಲು ಏಕೆ ಏರಿದೆ ಎಂದು ನೋಡುವುದಕ್ಕೆ.

ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ನೋಡುತ್ತಿರುತ್ತದೆ. ಮನೆಗಳಿಗೆ ಅದರ ಮಿತಿ 30 ಮಿಲಿಆಂಪಿಯರ್ ಮೀರಬಾರದು, ಉಳಿದೆಡೆ 100 ಮಿಲಿಆಂಪಿಯರ್ ಎಂದು ನಿಯಮ ಹೇಳುತ್ತದೆ. 38 ಓಮ್ ಗುಂಡಿಯ ಮನೆಯಲ್ಲೂ 30 ಮಿಲಿಆಂಪಿಯರ್ ಸೋರುವಾಗ ತಗಡಿನ ಮೇಲೆ ಏಳುವುದು ಒಂದು ವೋಲ್ಟಿಗಿಂತ ತುಸು ಹೆಚ್ಚು, ಅಷ್ಟೇ. ಕೊಳ್ಳುವಾಗ ಐಎಸ್ 12640 ಮತ್ತು ಐಎಸ್‌ಐ ಗುರುತು ಇರುವುದನ್ನೇ ಕೊಳ್ಳಿ.

ಪರೀಕ್ಷೆಗೆ ಬಂದವರು ಟೆಸ್ಟರ್ ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರೆ ಅದು ಪರೀಕ್ಷೆಯಲ್ಲ. ಮೇನ್ ಆಫ್ ಮಾಡಿ, ಪ್ರತಿ ಸಾಕೆಟ್ಟಿನ ಅರ್ಥ್ ಪಿನ್ನಿನಿಂದ ಅರ್ಥ್ ಪಟ್ಟಿಯವರೆಗೆ ತಂತಿ ಅಖಂಡವಾಗಿದೆಯೇ ಎಂದು ಮೊದಲು ನೋಡಬೇಕು. ನನ್ನ ಅನುಭವದಲ್ಲಿ ಹಳೆಯ ಮನೆಗಳಲ್ಲಿ ಹೆಚ್ಚಿನ ದೋಷ ಸಿಗುವುದು ಇಲ್ಲಿಯೇ. ಅನಂತರ ಎಲ್‌ಇಡಿ ಬಲ್ಬು, ಟಿವಿ, ಯುಪಿಎಸ್ ಎಲ್ಲವನ್ನೂ ಕಳಚಿ, 500 ವೋಲ್ಟ್ ಡಿಸಿ ಮೆಗ್ಗರಿನಿಂದ ತಂತಿಯ ಹೊದಿಕೆಯ ರೋಧವನ್ನು ಅಳೆಯಬೇಕು. ಅದು 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಗೀಸರಿನ ಎಲಿಮೆಂಟನ್ನು ಬೇರೆಯಾಗಿ ಮೆಗ್ಗರ್ ಮಾಡಿಸಿ. ಕರೆಂಟ್ ಕೊಟ್ಟ ಮೇಲೆ ಆರ್‌ಸಿಸಿಬಿಯನ್ನು ಉಪಕರಣದಿಂದಲೇ ಪರೀಕ್ಷಿಸಬೇಕು. 30 ಮಿಲಿಆಂಪಿಯರಿಗೆ ಅದು 300 ಮಿಲಿಸೆಕೆಂಡಿನೊಳಗೆ ಬೀಳಬೇಕು. ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿದರೆ ಒಳಗಿನ ಯಂತ್ರ ಸರಿಯಿದೆ ಎಂದು ತಿಳಿಯುತ್ತದೆ, ನಿಮ್ಮ ಅರ್ಥಿಂಗ್ ಸರಿಯಿದೆ ಎಂದಲ್ಲ.

ಕೆಲಸವನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರರಿಗೇ ಕೊಡಿ. ವರದಿಯಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದರೆ ಒಪ್ಪಬೇಡಿ. ಪ್ರತಿ ಸರ್ಕ್ಯೂಟಿನ ಮುಂದೆ ಅಳತೆಯ ಅಂಕಿ ಇರಲಿ. ಐದು ವರ್ಷ ಕಳೆದು ಮತ್ತೆ ಅಳೆದಾಗ ಎಷ್ಟು ಇಳಿದಿದೆ ಎಂದು ತಿಳಿಯುವುದು ಆ ಅಂಕಿಯಿಂದಲೇ.

ಉತ್ತರ (ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯವರು)

ಮೇಲಿನವರು ಹೇಳಿದಂತೆ ನಾವು ಎರಡು ವರ್ಷಗಳ ಹಿಂದೆ ಆರ್‌ಸಿಸಿಬಿ ಹಾಕಿಸಿದೆವು. ಹಾಕಿದ ದಿನವೇ ಸಂಜೆ ಜಗುಲಿಯ ದೀಪ ಹಾಕಿದ ಕೂಡಲೇ ಇಡೀ ಮನೆ ಕತ್ತಲಾಯಿತು. ಮೂರು ದಿನ ಹೀಗೇ ಆದಮೇಲೆ ಹಾಕಿದವರೇ ಬಂದು, ನಿಮ್ಮ ಮನೆಗೆ ಇದು ಹೊಂದುವುದಿಲ್ಲ ಎಂದು ಅದನ್ನು ಬಿಟ್ಟು ನೇರವಾಗಿ ತಂತಿ ಕೊಟ್ಟು ಹೋದರು. ಮನಸ್ಸು ಒಪ್ಪದೆ ಬೇರೊಬ್ಬರನ್ನು ಕರೆಸಿದೆವು. ಅವರು ಜಗುಲಿಯ ಸ್ವಿಚ್‌ಬೋರ್ಡ್ ಬಿಚ್ಚಿ ತೋರಿಸಿದರು: ಯುಪಿಎಸ್‌ನಿಂದ ಬಂದ ನ್ಯೂಟ್ರಲ್, ಸಾಮಾನ್ಯ ಲೈನಿನ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹೊಸೆದು, ಕಪ್ಪು ಟೇಪು ಸುತ್ತಿ, ಬೋರ್ಡಿನ ಹಿಂದೆ ತುರುಕಿದ್ದರು. ಒಂದು ದಾರಿಯಲ್ಲಿ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಹಿಂದಿರುಗಿದರೆ ಆರ್‌ಸಿಸಿಬಿ ಅದನ್ನು ಸೋರಿಕೆ ಎಂದೇ ತಿಳಿಯುತ್ತದೆಯಂತೆ. ಎರಡನ್ನೂ ಬೇರ್ಪಡಿಸಿದ ಮೇಲೆ ಅದು ಸುಮ್ಮಸುಮ್ಮನೆ ಬಿದ್ದಿಲ್ಲ. ದಯವಿಟ್ಟು ಯಾರೂ ಬೀಳುವ ಆರ್‌ಸಿಸಿಬಿಯನ್ನು ತೆಗೆಸಬೇಡಿ, ಏಕೆ ಬೀಳುತ್ತಿದೆ ಎಂದು ಹುಡುಕಿಸಿ. ಯುಪಿಎಸ್ ಲೈನಿಗೆ ಪ್ರತ್ಯೇಕವಾಗಿ ಇನ್ನೊಂದು ಆರ್‌ಸಿಸಿಬಿ ಬೇಕೆಂದೂ ಅವರೇ ಹೇಳಿ ಹಾಕಿಕೊಟ್ಟರು. ಮೇನಿನ ಬಳಿ ಇರುವುದು, ಕರೆಂಟ್ ಹೋಗಿ ಬ್ಯಾಟರಿಯಿಂದ ದೀಪ ಉರಿಯುವಾಗ ಕಾಯುವುದಿಲ್ಲ.

ನಮ್ಮ ಕಡೆಯವರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಹೊರಗಿನ ದೀಪದ ಲೈನ್ ಫೆಬ್ರವರಿಯಲ್ಲಿ 6 ಮೆಗಾಓಮ್ ತೋರಿಸಿದ್ದು ಜುಲೈನಲ್ಲಿ 0.4ಕ್ಕೆ ಇಳಿದಿತ್ತು. ಪೈಪಿನ ಬಾಗಿನಲ್ಲಿ ಮಳೆನೀರು ನಿಂತಿತ್ತು. ಆದ್ದರಿಂದ ವೈರಿಂಗನ್ನು ಮಳೆ ಜೋರಾಗಿರುವಾಗಲೂ ಒಮ್ಮೆ ಮೆಗ್ಗರ್ ಮಾಡಿಸಿ.

ಉತ್ತರ (ಅರಸೀಕೆರೆ, ಮೋಟಾರ್ ಮತ್ತು ವೈರಿಂಗ್ ಕೆಲಸ)

ಗುಂಡಿಯ ಅಳತೆಗೆ ಇದಕ್ಕೆ ತದ್ವಿರುದ್ಧವಾದ ಕಾಲ ಒಳ್ಳೆಯದು. ಒದ್ದೆ ಮಣ್ಣು ಯಾವ ಗುಂಡಿಯನ್ನಾದರೂ ಚೆನ್ನಾಗಿ ತೋರಿಸುತ್ತದೆ. ವಿದ್ಯುತ್ ಪೂರೈಸುವವರ ಅರ್ಥಿಂಗನ್ನು ಒಣ ಋತುವಿನ ಒಣ ದಿನದಲ್ಲಿ ಅಳೆಯಬೇಕೆಂದು ನಿಯಮವೇ ಹೇಳುವುದು ಇದಕ್ಕಾಗಿ. ಮನೆಯವರೂ ಹಾಗೆಯೇ ಮಾಡುವುದು ಲೇಸು.

ನಿಮ್ಮ ಕಿಟ್‌ಕ್ಯಾಟ್ ಎರಡಿದ್ದರೆ ಒಂದು ನ್ಯೂಟ್ರಲಿನಲ್ಲಿರುತ್ತದೆ. ಅದು ಸುಟ್ಟರೆ ದೀಪ ಆರುತ್ತದೆ, ಆದರೆ ತಂತಿಯಲ್ಲಿ ಫೇಸ್ ಹಾಗೆಯೇ ಇರುತ್ತದೆ. ಕರೆಂಟ್ ಇಲ್ಲವೆಂದು ಹೋಲ್ಡರಿಗೆ ಕೈ ಹಾಕಿದವರಿಗೆ ಅಪಾಯ. ನ್ಯೂಟ್ರಲಿನಲ್ಲಿ ಫ್ಯೂಸ್ ಇರಲೇಬಾರದು, ಮೊದಲು ಅದನ್ನು ತೆಗೆಸಿ.

ಪ್ರಶ್ನೆ ಕೇಳಿದವರಿಂದ (ಹದಿನೈದು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಲೈಸೆನ್ಸ್ ಇರುವವರಿಂದ ಅಳತೆ ಮಾಡಿಸಿದೆ. ಗುಂಡಿ 11 ಓಮ್, ಅಂದರೆ ಉಪ್ಪು ಹಾಕಬೇಕೆಂದಿದ್ದ ಗುಂಡಿಯಲ್ಲಿ ಅಂಥ ದೋಷವೇನೂ ಇರಲಿಲ್ಲ. ಬಚ್ಚಲುಮನೆಯ ಸಾಕೆಟ್ ಬಿಚ್ಚಿದಾಗ ಅರ್ಥ್ ಪಿನ್ನಿಗೆ ತಂತಿಯನ್ನೇ ಕೊಟ್ಟಿರಲಿಲ್ಲ. ಹಸಿರು ತಂತಿಯನ್ನು ಅರ್ಧ ಅಡಿ ಉದ್ದಕ್ಕೆ ಬಿಟ್ಟು ಗೋಡೆಯ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದರು. ಗೀಸರಿನ ಎಲಿಮೆಂಟ್ 0.02 ಮೆಗಾಓಮ್ ತೋರಿಸಿತು. ಎಲಿಮೆಂಟ್ ಬದಲಾಯಿತು, ತಂತಿ ಸೇರಿತು, ನ್ಯೂಟ್ರಲ್ ಫ್ಯೂಸ್ ಹೋಯಿತು, 30 ಮಿಲಿಆಂಪಿಯರ್ ಆರ್‌ಸಿಸಿಬಿ ಬಂದಿದೆ. ಪರೀಕ್ಷೆಯಲ್ಲಿ ಅದು 28 ಮಿಲಿಸೆಕೆಂಡಿಗೆ ಬಿತ್ತು. ಮರದ ಪಟ್ಟಿಯ ವೈರಿಂಗ್ ಇರುವ ಎರಡು ಕೋಣೆಗಳಲ್ಲಿ ಒಂದು 0.7 ಮೆಗಾಓಮ್ ಬಂದಿರುವುದರಿಂದ ಅದರ ಸಂಪರ್ಕ ತಪ್ಪಿಸಿದ್ದೇವೆ, ಹೊಸ ತಂತಿ ಎಳೆಯುವವರೆಗೆ ಅಲ್ಲಿ ಯಾರೂ ಮಲಗುತ್ತಿಲ್ಲ.