ಸಹಾಯ ಬೇಕು: ಮಹಡಿಯ ಬಚ್ಚಲಿನಲ್ಲಿ ನೀರು ನೂಲಿನಂತೆ ಬರುತ್ತಿದೆ

ಮೈಸೂರಿನಲ್ಲಿ ನಮ್ಮದು 25 ವರ್ಷದ ಹಳೆಯ ಮನೆ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳು. ಕೆಳಗಿನ ಅಡುಗೆಮನೆಯಲ್ಲಿ ನೀರು ಭೋರೆಂದು ಸುರಿಯುತ್ತದೆ. ಮಹಡಿಯ ಬಚ್ಚಲಿನಲ್ಲಿ ಮಾತ್ರ ನೂಲಿನಂತೆ. ತಲೆಯ ಸೀಗೆಪುಡಿ ತೊಳೆದು ಮುಗಿಸುವಷ್ಟರಲ್ಲಿ ಕಚೇರಿಯ ಬಸ್ ಹೋಗಿರುತ್ತದೆ!

ಶವರ್ ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿದೆ. ಸುಣ್ಣದ ಚಕ್ಕೆಗಳು ಉದುರಿದವು, ನೀರು ಹೆಚ್ಚಲಿಲ್ಲ. ಪಕ್ಕದ ಬಕೆಟ್ ನಲ್ಲಿಯದೂ ಅದೇ ಪಾಡು. ಬೆಳಿಗ್ಗೆ ಮೊದಲು ತಿರುಗಿಸಿದಾಗ ಕೆಂಪು ನೀರು. ಟ್ಯಾಂಕಿನ ವಾಲ್ವ್ ಪೂರ್ತಿ ತೆರೆದಿದೆ.

ಟ್ಯಾಂಕ್ ಶವರ್‌ಗಿಂತ 2 ಮೀಟರ್ ಮಾತ್ರ ಮೇಲಿದೆ, ಅಂದರೆ ಒತ್ತಡ ಸುಮಾರು 0.2 ಬಾರ್. ಹಾಗಾಗಿ ಪ್ರೆಷರ್ ಪಂಪ್ ಹಾಕಿಸಿ ಎನ್ನುತ್ತಾರೆ ಪ್ಲಂಬರ್. ಆದರೆ ಹೋದ ವರ್ಷದವರೆಗೆ ಇದೇ ಎತ್ತರದಿಂದ ನೀರು ಚೆನ್ನಾಗಿಯೇ ಬರುತ್ತಿತ್ತಲ್ಲ? ಪೈಪಿನೊಳಗೆ ತುಕ್ಕು ಕಟ್ಟಿದ್ದರೆ ಪಂಪ್ ಹಾಕಿ ಏನು ಪ್ರಯೋಜನ?

ಗೋಡೆ ಒಡೆಯದೆ, ಪೈಪ್ ಕಟ್ಟಿಕೊಂಡಿದೆಯೇ ಇಲ್ಲವೇ ಎಂದು ಪರೀಕ್ಷಿಸುವುದು ಹೇಗೆ?